ಹಿಂದಿನ ಸೀಟಿನ ಶಾಲೆ

ಕೊಲ್ಲಿ ನಾಡಿನಲ್ಲಿ ನಾವಿರುವ ಅಲ್ ಹೈಲ್‌ನ ಮಸೀದಿಯಿಂದ ಬೆಳಗಿನ ನಮಾಜು ಮುಗಿಸಿ ಬಂದವರು ಇನ್ನೂ ಚಹಾದಂಗಡಿಯ ಮುಂದೆ ನಿಂತಿರುವಾಗಲೇ ಶಾಲೆಯ ಬಸ್ಸು ನಮ್ಮ ಬಿಲ್ಡಿಂಗಿನ ತಿರುವಿಗೆ ಬರುತ್ತದೆ. ಹೊಳೆಯುವ ಹಳದಿ ಜಾಕೆಟು ತೊಟ್ಟ ಹೆಂಗಸೊಬ್ಬರು ಮೊದಲು ಇಳಿದು, ರಸ್ತೆಯ ಎರಡೂ ಬದಿ ನೋಡಿ, ಕೈ ಚಾಚಿ ಕಾರುಗಳನ್ನು ತಡೆಯುತ್ತಾರೆ. ಆಮೇಲೆ ಮಕ್ಕಳನ್ನು ಒಬ್ಬೊಬ್ಬರಾಗಿ ಹತ್ತಿಸುತ್ತಾರೆ.

ಒಂದನೇ ತರಗತಿಯ ಹಿತಾ ಕಂಬ ಹಿಡಿದು ನಿಂತಿದ್ದಾಳೆ. "ಆಂಟಿ, ಐ ಡೋಂಟ್ ವಾಂಟ್ ಟು ಗೋ."

ಆಂಟಿ ಬೈಯುವುದಿಲ್ಲ, ಮುದ್ದಿಸುವುದೂ ಇಲ್ಲ. ಅವಳ ಬ್ಯಾಗನ್ನು ತೆಗೆದು ತಮ್ಮ ಹೆಗಲಿಗೆ ಹಾಕಿಕೊಳ್ಳುತ್ತಾರೆ. "ಆಯಿತು, ನಿನ್ನ ಬದಲು ನಾನು ಓದುತ್ತೇನೆ. ನೀನು ಹೋಗಿ ಮಲಗು" ಎಂದು ಉರ್ದುವಿನಲ್ಲಿ ಹೇಳುತ್ತಾರೆ. ಹಿತಾ ಬ್ಯಾಗು ಕಿತ್ತುಕೊಂಡು ಮೆಟ್ಟಿಲು ಹತ್ತುತ್ತಾಳೆ.

"ಯಲ್ಲಾ, ಬೇಗ, ಟೀಚರ್ ಆಪಾ" ಎಂದು ಡ್ರೈವರ್ ಉಮರಬ್ಬ ಕೂಗುತ್ತಾರೆ. "ಮುಂದಿನ ಸಿಗ್ನಲ್ ಬಿದ್ದರೆ ಖಲಾಸ್, ನಿಮಗೂ ಬೈಗುಳ, ನನಗೂ ಬೈಗುಳ."

ಮಕ್ಕಳಿಗೆ ಆಂಟಿ, ಉಮರಬ್ಬರಿಗೆ ಆಪಾ, ಅಂದರೆ ಅಕ್ಕ, ಆದ ಇವರ ಹೆಸರು ಜರ್ಮೀನಾ. ಅಫ್ಘಾನಿಸ್ತಾನದವರು. ಅಲ್ಲಿ ಹೆಣ್ಣುಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾಗಿದ್ದರು. ತಮ್ಮ ಜಿಲ್ಲೆಯಿಂದ ಪ್ರಾಂತೀಯ ಪರಿಷತ್ತಿಗೆ ಗೆದ್ದ ಮೊದಲ ಹೆಂಗಸು. "ಊರಿನ ಹೆಸರು ಬರೆಯಬೇಡ, ಹುಡುಗಿಯರು ಇನ್ನೂ ಅಲ್ಲೇ ಇದ್ದಾರೆ" ಎಂದಿದ್ದಾರೆ. ಆದ್ದರಿಂದ ಬರೆಯುತ್ತಿಲ್ಲ. ಜರ್ಮೀನಾ ಎನ್ನುವುದೂ ಮನೆಯವರು ಕರೆಯುವ ಹೆಸರಷ್ಟೇ.

ಮಾತಿಗೆ ಸಿಗಲು ಅವರಿಗೆ ಬಹಳ ದಿನ ಬೇಕಾಯಿತು. ತಮ್ಮನನ್ನು ಬಸ್ಸಿಗೆ ಬಿಡಲು ಹೋಗುವ ನನಗೆ ಕೇಳಲು ಅಷ್ಟೇ ದಿನ ಬೇಕಾಯಿತು. ಮೊದಲ ಪ್ರಶ್ನೆ ಅವರದೇ: "ನೀನು ಎಲ್ಲಿಯವರೆಗೆ ಓದಿದ್ದೀ?" ಎಂಟನೆಯವರೆಗೆ ಎಂದೆ. ಅವರು ತಲೆ ತಗ್ಗಿಸಿದರು, ನನ್ನನ್ನು ಶಾಲೆ ಬಿಡಿಸಿದ್ದು ಅವರೇ ಎಂಬಂತೆ.

ಅವರ ಊರಿನಲ್ಲಿ ಒಂದು ಪದ್ಧತಿ ಇದೆ. ಹೆಂಗಸು ತನ್ನ ತಲೆಯ ಚಾದರವನ್ನು ತೆಗೆದು ಒಬ್ಬರ ಮುಂದೆ ನೆಲಕ್ಕೆ ಹಾಸಿದರೆ, ಅವಳ ಬೇಡಿಕೆಗೆ ಇಲ್ಲ ಎನ್ನುವಂತಿಲ್ಲ. ಒಪ್ಪಿದ ಮನೆಯವರು ಅದನ್ನು ನೆಲದಿಂದ ಎತ್ತಿ ಮತ್ತೆ ಅವಳ ತಲೆಗೆ ಹೊದಿಸಬೇಕು. ಸಾಮಾನ್ಯವಾಗಿ ಜಗಳ, ಕೊಲೆ ನಿಲ್ಲಿಸಲು ಹೀಗೆ ಮಾಡುತ್ತಾರೆ. ಜರ್ಮೀನಾ ಅದನ್ನು ಶಾಲೆಗೆ ಮಕ್ಕಳನ್ನು ಸೇರಿಸಲು ಬಳಸಿದರು.

"ಮನೆಮನೆಗೆ ಹೋದೆ. ಅಪ್ಪಂದಿರ ಮುಂದೆ ಚಾದರ ಹಾಸಿದೆ. ನಿಮ್ಮ ಮಗಳು ಹನ್ನೆರಡನೆಯ ತರಗತಿ ಮುಗಿಸುವವರೆಗೆ ನಾನು ಹೊಣೆ ಅಂದೆ. ಅವರ ಹೆಂಡತಿಯರು ಎತ್ತಿ ನನ್ನ ತಲೆಗೆ ಹೊದಿಸಿದರು."

ಚುನಾವಣೆಗೆ ನಿಂತದ್ದು ಶಾಲೆಗೆ ಒಂದು ಗೋಡೆಗಾಗಿ. ಸುತ್ತ ಗೋಡೆ ಇಲ್ಲದ ಶಾಲೆಗೆ ದೊಡ್ಡ ಹುಡುಗಿಯರನ್ನು ಯಾರೂ ಕಳಿಸುತ್ತಿರಲಿಲ್ಲ. ಪೋಸ್ಟರಿನಲ್ಲಿದ್ದ ಅವರ ಮುಖಕ್ಕೆ ಸಗಣಿ ಬಳಿದರು. ಹೆಂಗಸು ಗೆದ್ದರೆ ಮಳೆ ಬರುವುದಿಲ್ಲ ಎಂದರು. "ಆ ವರ್ಷ ಎಷ್ಟು ಮಳೆ ಬಂತೆಂದರೆ, ಕಟ್ಟುತ್ತಿದ್ದ ಗೋಡೆಯೇ ಅರ್ಧ ಬಿತ್ತು" ಎಂದು ಜರ್ಮೀನಾ ನಗುತ್ತಾರೆ. ನಕ್ಕ ಕೂಡಲೇ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ.

ಅಲ್ಲಿ ಸರ್ಕಾರ ಬಿದ್ದ ವರ್ಷ ದೊಡ್ಡ ಹುಡುಗಿಯರ ತರಗತಿಗಳು ಮುಚ್ಚಿದವು. ಜರ್ಮೀನಾರನ್ನು ಹುಡುಕಿಕೊಂಡು ಹೊಸದಾಗಿ ಅಧಿಕಾರ ಹಿಡಿದವರ ಜನ ಮನೆಗೆ ಬಂದರು. ಇಲ್ಲೇ ಸೀಬ್ ಪೇಟೆಯ ರತ್ನಗಂಬಳಿ ಅಂಗಡಿಯಲ್ಲಿ ಕೆಲಸ ಮಾಡುವ ಅಳಿಯ ಹೇಗೋ ಇಲ್ಲಿಗೆ ಕರೆಸಿಕೊಂಡ. "ಯಾರಿಗೂ ಹೇಳದೆ ಬಂದೆ. ಹೊಣೆ ಅಂದವಳು ನಾನು. ಯಾರ ಮನೆಯ ಬಾಗಿಲನ್ನೂ ತಟ್ಟಿ, ಹೋಗುತ್ತೇನೆ ಅನ್ನಲಿಲ್ಲ."

ಮಕ್ಕಳನ್ನು ಇಳಿಸಿದ ಮೇಲೆ ಬಸ್ಸು ಶಾಲೆಯ ಹಿಂದಿನ ನೆರಳಿನಲ್ಲಿ ನಿಲ್ಲುತ್ತದೆ. ಆಗ ಜರ್ಮೀನಾ ಕೊನೆಯ ಸೀಟಿನಲ್ಲಿ ಕೂತು ಫೋನಿನಲ್ಲಿ ಊರಿನ ಹುಡುಗಿಯರಿಗೆ ಲೆಕ್ಕ ಹೇಳಿಕೊಡುತ್ತಾರೆ. ಬರೀ ಧ್ವನಿ, ಮುಖ ತೋರಿಸುವುದಿಲ್ಲ. ಎಲ್ಲಿದ್ದೇನೆ, ಏನು ಮಾಡುತ್ತಿದ್ದೇನೆ ಎಂದು ಆ ಹುಡುಗಿಯರಿಗೆ ಹೇಳಿರಲಿಲ್ಲ.

ಹೋದ ಚಳಿಗಾಲದ ಒಂದು ಬೆಳಿಗ್ಗೆ ಬಸ್ಸು ಇನ್ನೂ ಮಕ್ಕಳನ್ನು ಹತ್ತಿಸುತ್ತಿರುವಾಗಲೇ ಕರೆ ಬಂತು. ಏನೋ ಅವಸರ ಎಂದುಕೊಂಡು ಎತ್ತಿದರು. ಬೆರಳು ತಪ್ಪಿ ಕ್ಯಾಮೆರಾ ತೆರೆದುಕೊಂಡಿತು. ಅಲ್ಲಿಯ ಹುಡುಗಿಯರು ಕಂಡದ್ದು ಹಳದಿ ಜಾಕೆಟನ್ನು, ಜಡೆ ಹಾಕಿ ಬ್ಯಾಗು ಹೊತ್ತು ಸಾಲಾಗಿ ಬಸ್ಸು ಹತ್ತುವ ಹೆಣ್ಣುಮಕ್ಕಳನ್ನು.

"ಜಾಕೆಟ್ ಕಂಡದ್ದಕ್ಕೆ ನಾಚಿಕೆಯಿಲ್ಲ. ಇದು ದುಡಿದು ತಿನ್ನುವ ಕೆಲಸ" ಎನ್ನುತ್ತಾರೆ ಜರ್ಮೀನಾ. "ಒಬ್ಬಳು ಕೇಳಿದಳು, ಮುಅಲ್ಲಿಮ್ ಸಾಹಿಬ್, ಟೀಚರ್, ಇವರೆಲ್ಲ ಎಲ್ಲಿಗೆ ಹೋಗುತ್ತಿದ್ದಾರೆ? ನಾನು ಹೊಣೆ ಹೊತ್ತ ಮಕ್ಕಳು ಮನೆಯಲ್ಲಿ ಕೂತು, ಬೇರೆಯವರ ಮಕ್ಕಳನ್ನು ನಾನು ಶಾಲೆಗೆ ಹತ್ತಿಸುವುದನ್ನು ನೋಡಿದರು. ಫೋನು ಕಟ್ ಮಾಡಿದೆ. ಮತ್ತೆ ಎತ್ತಲಿಲ್ಲ."

ವಾರಗಟ್ಟಲೆ ಪಾಠ ನಿಂತಿತು. ಮೊದಲು ಗಮನಿಸಿದವರು ಉಮರಬ್ಬ. ಉಪ್ಪಿನಂಗಡಿಯವರಾದ ಅವರಿಗೆ ಆ ಭಾಷೆಯ ಒಂದಕ್ಷರ ಬಾರದು. "ಅವರ ಮಗ್ಗಿ ಕೇಳುತ್ತಾ ಸ್ಟೇರಿಂಗಿಗೆ ತಲೆ ಇಟ್ಟರೆ ನನಗೆ ಒಳ್ಳೇ ನಿದ್ದೆ ಮಾರಾಯ್ತಿ" ಎಂದು ನನ್ನೊಡನೆ ಹೇಳುತ್ತಾರೆ. "ಅದು ನಿಂತ ಮೇಲೆ ಕಣ್ಣೇ ಮುಚ್ಚುವುದಿಲ್ಲ. ಕೇಳಿದೆ, ಏನಾಪಾ, ಲೆಕ್ಕ ಎಲ್ಲ ಮುಗಿಯಿತಾ? ಈ ಹೆಂಗಸು ಕಿಟಕಿ ಕಡೆ ತಿರುಗಿ ಕೂತಿತು. ಆಮೇಲೆ ನಾನು ತಮಾಷೆ ಮಾಡಲಿಲ್ಲ."

ಕೊನೆಗೆ ಒಂದು ವಿಡಿಯೋ ಬಂತು. ಅದರಲ್ಲಿದ್ದವರು ಒಬ್ಬ ತಾಯಿ, ಹಿಂದೆ ಚಾದರ ಎತ್ತಿ ಜರ್ಮೀನಾರ ತಲೆಗೆ ಹೊದಿಸಿದವರಲ್ಲಿ ಒಬ್ಬರು. ಅವರು ತಮ್ಮ ಚಾದರವನ್ನು ತೆಗೆದು ಫೋನಿನ ಮುಂದೆ ನೆಲಕ್ಕೆ ಹಾಸಿದರು. ಪಕ್ಕದಲ್ಲಿ ದೊಡ್ಡ ಮಗಳು ಪುಸ್ತಕ ಹಿಡಿದು ಕೂತಿದ್ದಳು, ಅವಳ ಹಿಂದೆ ಚಿಕ್ಕವಳು.

ಉಮರಬ್ಬ ಹಿಂದೆ ತಿರುಗಿ ನೋಡಿದಾಗ ಜರ್ಮೀನಾ ಫೋನಿನ ಗಾಜಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದರಂತೆ.

"ಎತ್ತಿ ಹೊದಿಸಬೇಕಾದವಳು ನಾನು. ಇಲ್ಲಿಂದ ಹೇಗೆ ಎತ್ತಲಿ?" ಎನ್ನುತ್ತಾರೆ. ಆ ದಿನ ಅವರೇ ಕರೆ ಮಾಡಿದರು. ಮೊದಲ ಸಲ ಬೇಕೆಂದೇ ಮುಖ ತೋರಿಸಿದರು, ಹಳದಿ ಜಾಕೆಟಿನಲ್ಲೇ. ಇವರೆಲ್ಲ ಎಲ್ಲಿಗೆ ಎಂದು ಅಂದು ಕೇಳಿದ್ದ ಹುಡುಗಿಯ ಪ್ರಶ್ನೆಗೆ ಉತ್ತರ ಕೊಟ್ಟರು: "ಅವರು ಶಾಲೆಗೆ ಹೋಗುತ್ತಿದ್ದರು. ನಾನು ಅವರನ್ನು ಹತ್ತಿಸುವವಳು." ಆಮೇಲೆ ದೊಡ್ಡ ಮಗಳಿಗೆ ಹೇಳಿದರು, ನನ್ನ ಪರವಾಗಿ ಎತ್ತು, ಅಮ್ಮನ ತಲೆಗೆ ಹೊದಿಸು. ಅವಳು ಹೊದಿಸಿದಳು.

ಈಗ ಪಾಠ ಮತ್ತೆ ನಡೆಯುತ್ತಿದೆ, ಇವತ್ತು ಕೇಳಲು ನಾನೂ ಬಸ್ಸಿನಲ್ಲಿ ಬಂದಿದ್ದೇನೆ. ಉಮರಬ್ಬ ಸ್ಟೇರಿಂಗಿನ ಮೇಲೆ ನಿದ್ದೆ ಹೋಗಿದ್ದಾರೆ. ಚಿಕ್ಕವಳೂ ಸೇರಿದ್ದಾಳೆ, ಮಗ್ಗಿಯಲ್ಲಿ ಎಡವುತ್ತಾಳೆ.

ಪಾಠ ಮುಗಿದ ಮೇಲೆ, ನಿಮಗೆ ಏನಾದರೂ ಆಸೆ ಇದೆಯೇ ಎಂದು ಕೇಳಿದೆ. ಜರ್ಮೀನಾ ಹಿತಾ ಬಿಟ್ಟುಹೋದ ನೀರಿನ ಬಾಟಲಿಯನ್ನು ಸೀಟಿನಡಿಯಿಂದ ಎತ್ತಿ, ಒರೆಸಿ, ಮಡಿಲಲ್ಲಿ ಇಟ್ಟುಕೊಂಡರು.

"ಆ ತಾಯಿಯ ಮನೆಯ ಬಾಗಿಲಿಗೆ ಒಂದು ಸಲ ಹೋಗಬೇಕು. ಚಾದರ ಹಾಸುವುದಕ್ಕಲ್ಲ, ಈಗ ನನಗೆ ಆ ಹಕ್ಕಿಲ್ಲ. ಹೊರಟಾಗ ತಟ್ಟಲಿಲ್ಲವಲ್ಲ, ಅದನ್ನು ತಟ್ಟುವುದಕ್ಕೆ."