ಹಗ್ಗವಿಲ್ಲದ ಜೋಕಾಲಿ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಜೋಕಾಲಿಯ ಹಲಗೆ ಸಾಗುವಾನಿಯದೋ ಬೇವಿನದೋ ಎಂಬ ಬಗ್ಗೆ ನನಗೂ ಅಪ್ಪನಿಗೂ ಇನ್ನೂ ಒಮ್ಮತವಿಲ್ಲ. ಅವ್ವನ ಆಪರೇಷನ್ ಆದಾಗ ನಾನು ಎಂ.ಎ. ಮೊದಲ ವರ್ಷದಲ್ಲಿದ್ದೆನೋ ಎರಡನೆಯದರಲ್ಲೋ, ಅದೂ ಖಚಿತವಿಲ್ಲ. ದಿನಚರಿ ಬರೆಯುವ ಅಭ್ಯಾಸ ಆಗಲೂ ಇತ್ತು. ಆದರೆ ನಾನು ಪುಟಗಟ್ಟಲೆ ಬರೆದಿರುವುದೆಲ್ಲ ಏನೂ ನಡೆಯದ ದಿನಗಳ ಬಗ್ಗೆ.

ಅನುಮಾನವೇ ಇಲ್ಲದ ಸಂಗತಿ ಒಂದಿದೆ. ನನ್ನ ಸೋದರಮಾವ, ಅಂದರೆ ಅವ್ವನ ತಮ್ಮ, ಅಯಸ್ಕಾಂತಗಳ ಬಲದಿಂದ ಗಾಳಿಯಲ್ಲಿ ನಿಲ್ಲುವ ಒಂದು ಜೋಕಾಲಿ ಮಾಡಿದ್ದ. ಅದರ ಮೇಲೆ ಅವ್ವನನ್ನು ಕೂಡಿಸಬೇಕು ಎಂದೇ ಮಾಡಿದ್ದ.

ನಾವು ಬಾಗಲಕೋಟೆ ಕಡೆಯವರು. ಅಪ್ಪನ ನೌಕರಿಗಾಗಿ ಬಾಲಾನಗರಕ್ಕೆ ಬಂದು ಇಲ್ಲಿಯವರೇ ಆದೆವು. ಬಾಗಿಲಾಚೆ ತೆಲುಗು, ಅಂಗಡಿಯಲ್ಲಿ ಹಿಂದಿ, ಒಳಗೆ ನಮ್ಮ ಮಾತು. ನಮ್ಮ ಕಡೆ ನಾಗರಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಹೋಗಿ ಜೋಕಾಲಿ ಆಡುವ ಹಬ್ಬ. ಕರೆಯಲು ಅಣ್ಣನೋ ತಮ್ಮನೋ ಬರಬೇಕು, ತಾವಾಗಿ ಹೋಗುವಂತಿಲ್ಲ. ಅವ್ವನ ತಂದೆತಾಯಿ ತೀರಿಕೊಂಡ ಮೇಲೆ ತವರು ಎಂದರೆ ಉಳಿದದ್ದು ಈ ತಮ್ಮನೊಬ್ಬನೇ, ಮತ್ತು ನಮ್ಮ ಹಿಂದಿನ ಗಲ್ಲಿಯಲ್ಲಿ ಅವನು ಬಾಡಿಗೆಗೆ ಹಿಡಿದಿದ್ದ ಎರಡು ಕೋಣೆ. ಆದರೂ ಮಾಮಾ ಪಂಚಮಿಯ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಅವ್ವ ಶೇಂಗಾ ಉಂಡಿ, ಎಳ್ಳುಂಡಿ ತುಂಬಿದ ಡಬ್ಬಿ ಹಿಡಿದು, ದೂರದೂರಿಗೆ ಹೊರಟವಳಂತೆ ಅಪ್ಪನಿಗೆ ಹೇಳಿ, ಐದು ನಿಮಿಷ ನಡೆದು ತವರು ಮುಟ್ಟುತ್ತಿದ್ದಳು. ಅಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಉಂಡು, ಸಂಜೆ ಹೊತ್ತಿಗೆ ಗಂಡನ ಮನೆಗೆ ವಾಪಸ್.

"ಕರಿಯಾಕೇನೋ ಬಂದಿ ತಮ್ಮಾ, ಜೋಕಾಲಿ ಎಲ್ಲಿ ಕಟ್ಟೀದಿ?" ಎಂದು ಪ್ರತಿ ವರ್ಷವೂ ಕೆಣಕುತ್ತಿದ್ದಳು.

"ಸ್ಲ್ಯಾಬಿಗೆ ಒಂದು ಕೊಂಡಿ ಹಾಕತೀನಂದ್ರ ಓನರ್ ಮನಿ ಖಾಲಿ ಮಾಡು ಅಂತಾನ ಅಕ್ಕಾ."

"ಅವಗ ಅಕ್ಕ-ತಂಗಿ ಯಾರೂ ಇಲ್ಲೇನು?"

"ಅದಾರ. ಅವರವು ಸ್ವಂತ ಮನಿ ಅದಾವು."

ನಗುತ್ತಿದ್ದಳು. ಆದರೆ ನಗು ಮುಗಿದ ಮೇಲೆ ಒಂದು ಕ್ಷಣ ಚಾವಣಿಯ ಕಡೆ ನೋಡುತ್ತಿದ್ದಳು. ಅಥವಾ ನೋಡುತ್ತಿದ್ದಳು ಎಂದು ನಾನು ಈಗ ಸೇರಿಸುತ್ತಿದ್ದೇನೆ.

ಮಾಮಾನ ಕೆಲಸ ಬಾಲಾನಗರದ ಒಂದು ಶೆಡ್ಡಿನಲ್ಲಿ. ಸಾಣೆ ಹಿಡಿಯುವ ಯಂತ್ರಗಳಲ್ಲಿ ಕಬ್ಬಿಣದ ತುಂಡು ಅಲುಗದಂತೆ ಕಚ್ಚಿ ಹಿಡಿಯುವ ಅಯಸ್ಕಾಂತದ ಹಾಸುಗಳಿರುತ್ತವೆ. ಅವು ಕೆಟ್ಟರೆ ಸರಿ ಮಾಡಿಕೊಡುತ್ತಿದ್ದ. ಒಂದು ಸಲ ಫೋನಿನಲ್ಲಿ ಯಾವುದೋ ದೇಶದ ಶ್ರೀಮಂತರ ಮನೆಯ ವಿಡಿಯೊ ತಂದು ತೋರಿಸಿದ. ಕಾಲುಗಳೇ ಇಲ್ಲದ ಕಪ್ಪು ಮಂಚವೊಂದು ನೆಲದಿಂದ ಮೊಣಕಾಲೆತ್ತರದಲ್ಲಿ ಸುಮ್ಮನೆ ನಿಂತಿತ್ತು. ಅವ್ವ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ಇದರ ಕೆಳಗ ಕಸಾ ಹೊಡಿಯಾಕ ಭಾಳ ಸಸಾರ ನೋಡು" ಎಂದಳು.

ಮಾಮಾನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. "ಮ್ಯಾಲ ಕಟ್ಟಾಕ ಬಿಡದಿದ್ರ ಬ್ಯಾಡ ಅಕ್ಕಾ. ಕೆಳಗಿಂದ ಎತ್ತೂನು."

ಹಾಗೆ ಶುರುವಾಯಿತು. ಒಂದೇ ಬಗೆಯ ತುದಿಗಳನ್ನು ಎದುರುಬದುರು ಇಟ್ಟರೆ ಅಯಸ್ಕಾಂತಗಳು ದೂಡುತ್ತವೆ, ಆದ್ದರಿಂದ ಹಲಗೆ ತೇಲುತ್ತದೆ ಎಂದು ಅವನು ನಂಬಿದ್ದ. ಹಲಗೆ ತೇಲುವ ಬದಲು ಪಕ್ಕಕ್ಕೆ ಜಾರಿ, ಮಗುಚಿ, ಅಯಸ್ಕಾಂತ ಜೋಡಿಸಿದ್ದ ಕೆಳಗಿನ ಪೀಠಕ್ಕೆ ಬಡಿದುಕೊಂಡಿತು. ಎರಡು ಬೆರಳಿನ ಉಗುರು ಕಪ್ಪಾದವು. ಅಯಸ್ಕಾಂತ ಎತ್ತುತ್ತದೆ, ಆದರೆ ಒಂದೆಡೆ ನಿಲ್ಲಗೊಡುವುದಿಲ್ಲ ಎಂದು ತಿಳಿಯಲು ಬಹಳ ದಿನ ಹಿಡಿಯಿತು. ಕೊನೆಗೆ ಪೀಠದ ನಾಲ್ಕು ಮೂಲೆಗಳಿಂದ ಹಲಗೆಯ ನಾಲ್ಕು ಮೂಲೆಗೆ ಸಣ್ಣ ಉಕ್ಕಿನ ತಂತಿ ಬಿಗಿದ, ಹಿಂದೆ ಮುಂದೆ ತೂಗಲು ಬೇಕಾದಷ್ಟು ಮಾತ್ರ ಸಡಿಲ ಬಿಟ್ಟು.

"ಹಗ್ಗ ಇಲ್ಲದ ಜೋಕಾಲಿ ಅಂದಿದ್ದಿ?" ಅವ್ವ ಬಿಡಲಿಲ್ಲ.

"ಇದು ಹಗ್ಗ ಅಲ್ಲ ಅಕ್ಕಾ, ದನಕ್ಕ ಕಟ್ಟೂ ದಾವಣಿ ಇದ್ದಂಗ. ಎತ್ತಿ ಹಿಡಿಯೂದಿಲ್ಲ, ಓಡಿ ಹೋಗದಂಗ ನೋಡಿಕೊಂತೈತಿ. ನಿನ್ನ ತೂಕ ಎಷ್ಟು, ಅದನ್ನ ಹೇಳು."

"ಹೋಗಿ ನಿನ್ನ ಹೇಂತಿದು ಕೇಳು."

ಆಕೆ ಹೇಳಲೇ ಇಲ್ಲ. ಅವನು ಅಂದಾಜಿನ ಮೇಲೆ, ಸ್ವಲ್ಪ ಉದಾರವಾಗಿಯೇ, ಅಯಸ್ಕಾಂತ ಜೋಡಿಸಿದ.

ಒಂದು ಭಾನುವಾರ ಶೆಡ್ಡಿಗೆ ಹೋದಾಗ ನನ್ನನ್ನು ಕೂಡಿಸಿ ನೋಡಿದ. ಕೂದಲಿನ ಪಿನ್ನು, ಕೈಗಡಿಯಾರ, ಬೀಗದ ಕೈ ಎಲ್ಲ ತೆಗೆಸಿ ದೂರದ ಕಿಟಕಿಯಲ್ಲಿಡಿಸಿದ್ದ. ಆ ಕೂತ ಅನುಭವ ಮಾತ್ರ ನನ್ನದೇ, ಅದನ್ನು ಯಾರಿಂದಲೂ ಕೇಳಿ ಬರೆಯುತ್ತಿಲ್ಲ. ಸಾಮಾನ್ಯ ಜೋಕಾಲಿಯಲ್ಲಿ ಹಗ್ಗ ಕಿರುಗುಟ್ಟುತ್ತದೆ, ಕೈಗೆ ಹಿಡಿಯಲು ಏನೋ ಇರುತ್ತದೆ, ಮೇಲಿನಿಂದ ಯಾರೋ ನಮ್ಮನ್ನು ಹಿಡಿದಿರುವ ಭರವಸೆ ಇರುತ್ತದೆ. ಇಲ್ಲಿ ಸದ್ದೇ ಇರಲಿಲ್ಲ. ಹಲಗೆ ಮುಂದೆ ಹೋಯಿತು, ಹಿಂದೆ ಬಂತು. ಹಿಂದಕ್ಕೆ ಹೋಗುವಾಗ ಮಾತ್ರ ಒಮ್ಮೆ ಸಣ್ಣಗೆ ನಡುಗಿತು, ಕುದುರೆ ಮೈ ಅದುರಿಸಿದ ಹಾಗೆ. ನನ್ನ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ.

"ನಿನಗ ಎತ್ತರ ಆತು," ಎಂದ ಮಾಮಾ. "ಅಕ್ಕ ಕುಂತ್ರ ಇನ್ನೂ ಇಳಿತೈತಿ. ಹೆಬ್ಬೆರಳ ನೆಲಕ್ಕ ಹತ್ತತೈತಿ. ಹಿಂಗ್ ಒತ್ತಿದ್ಲು ಅಂದ್ರ ಸಾಕು." ಚಪ್ಪಲಿ ಬಿಟ್ಟು, ಬಲಗಾಲ ಹೆಬ್ಬೆರಳನ್ನು ಸಿಮೆಂಟಿನ ನೆಲಕ್ಕೆ ಒತ್ತಿ ತೋರಿಸಿದ.

ಶ್ರಾವಣಕ್ಕೆ ಸ್ವಲ್ಪ ಮೊದಲು ಅವ್ವ ಅಡುಗೆಮನೆಯಲ್ಲಿ ಬಿದ್ದಳು. ಎದ್ದು ರೊಟ್ಟಿ ಬಡಿದು ಮುಗಿಸಿ, ಮಾರನೆಯ ದಿನ ಮತ್ತೆ ಬಿದ್ದಳು. ಎದೆಬಡಿತ ತೀರ ನಿಧಾನವಾಗಿದೆ ಎಂದರು ಆಸ್ಪತ್ರೆಯಲ್ಲಿ. ಕಾಲರ್ ಮೂಳೆಯ ಕೆಳಗೆ, ಚರ್ಮದೊಳಗೆ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಪೇಸ್‌ಮೇಕರ್ ಇಟ್ಟರು. ಮನೆಗೆ ಕಳಿಸುವ ದಿನ ಡಾಕ್ಟರ್ ಎಲ್ಲರಿಗೂ ಹೇಳುವಂತೆ ನಮಗೂ ಹೇಳಿದರು: ಎಡಗೈ ಕೆಲವು ದಿನ ಮೇಲೆತ್ತಬೇಡಿ, ಫೋನನ್ನು ಬಲಗಿವಿಗೆ ಹಿಡಿಯಿರಿ, ದೊಡ್ಡ ಸ್ಪೀಕರುಗಳ ಹತ್ತಿರ ನಿಲ್ಲಬೇಡಿ, ಅಯಸ್ಕಾಂತದಿಂದ ದೂರವಿರಿ.

ಎಳನೀರು ಹಿಡಿದು ಬಾಗಿಲಲ್ಲಿ ನಿಂತಿದ್ದ ಮಾಮಾ, "ಎಂತ ದೂರಂ ಡಾಕ್ಟರ್‌ಗಾರೂ?" ಎಂದು ತೆಲುಗಿನಲ್ಲಿ ಕೇಳಿದ, ಎಷ್ಟು ದೂರ ಎಂದು.

"ಇಂಟ್ಲೋ ಕ್ರೇನ್ ಪೆಟ್ಟುಕುನ್ನಾರಾ ಏಂಟಿ?" ಎಂದು ಡಾಕ್ಟರ್ ನಕ್ಕರು. ಮನೆಯಲ್ಲೇನು ಕಬ್ಬಿಣ ಎತ್ತುವ ಅಯಸ್ಕಾಂತದ ಕ್ರೇನ್ ಇಟ್ಟುಕೊಂಡಿದ್ದೀರಾ? ನಾವೆಲ್ಲ ನಕ್ಕೆವು. ಮಾಮಾನೂ ನಕ್ಕ. ಎಳನೀರನ್ನು ಮೇಜಿನ ಮೇಲಿಟ್ಟು ಹೊರಗೆ ಹೋದ.

ಕಾರಿಡಾರಿನಲ್ಲಿ ಅವನು ಅಪ್ಪನಿಗೆ ಹೇಳಿದ್ದು ನನಗೆ ಕೇಳಿಸಿತು. "ಒಂದ್ ತಿಂಗಳ ಮೊದಲ ಮುಗಿಸಿದ್ರ ಆಕ್ಕಿತ್ರಿ."

"ಮುಗಿಸಿದ್ರ ಏನಾಕ್ಕಿತ್ತೋ ಮಾರಾಯಾ? ಎಷ್ಟ್ ದಿನ ಕೂಡತಿದ್ಲು?"

"ಒಂದ್ ಸಲನರ ಕೂಡತಿದ್ಲಲ್ರಿ."

ಆ ವರ್ಷ ಪಂಚಮಿಗೆ ಮಾಮಾ ಕರೆಯಲು ಬಂದಾಗ ಅವ್ವ, ನಿನ್ನ ಮನೆಗೆ ಬೇಡ, ಶೆಡ್ಡಿಗೆ ಕರೆದುಕೊಂಡು ಹೋಗು ಎಂದಳಂತೆ. ಅಪ್ಪ ಬೇಡವೆಂದರು. "ದೂರ ನಿಂತು ನೋಡಿ ಬರತೀನ್ರಿ. ತಮ್ಮ ಕರಿಯಾಕ ಬಂದಾನ, ಹೋಗದಿದ್ರ ಹೆಂಗ?" ಎಂದು ಡಬ್ಬಿ ಹಿಡಿದು ಹೊರಟಳಂತೆ. ಇಷ್ಟನ್ನು ಅಪ್ಪನೇ ಹೇಳಿದ್ದು.

ಮುಂದಿನದು ನನ್ನ ತಲೆಯಲ್ಲಿ ಮಾತ್ರ ಇದೆ. ನಾನು ಗಚ್ಚಿಬೌಲಿಯ ಯೂನಿವರ್ಸಿಟಿ ಹಾಸ್ಟೆಲಿನಿಂದ ಹೊರಟು, ಅಮೀರ್‌ಪೇಟ್‌ನಲ್ಲಿ ಮೆಟ್ರೊ ಬದಲಿಸಿ, ಮನೆಗೆ ಹೋಗದೆ ನೇರ ಶೆಡ್ಡಿಗೆ ಬಂದೆ. ಹಬ್ಬದ ರಜೆ. ಷಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಗೆ ನೋಡಿದೆ. ಅವ್ವ ನನಗೆ ಬೆನ್ನು ಮಾಡಿ ಹಲಗೆಯ ಮೇಲೆ ಕೂತಿದ್ದಳು. ಹಸಿರು ಇಳಕಲ್ ಸೀರೆ. ಹಲಗೆಗೂ ಪೀಠಕ್ಕೂ ನಡುವೆ ಬೆಳಕು ಕಾಣುತ್ತಿತ್ತು. ಆಕೆಯ ಬಲಗಾಲ ಹೆಬ್ಬೆರಳು ನೆಲವನ್ನು ಒತ್ತಿತು, ಹಲಗೆ ಸದ್ದಿಲ್ಲದೆ ಹಿಂದೆ ಸರಿಯಿತು. ಮಾಮಾ ಗೋಡೆಗೆ ಆನಿಕೊಂಡು ಎರಡೂ ಕೈ ಕಟ್ಟಿ ನಿಂತಿದ್ದ.

ಅಷ್ಟೇ. ಆಕೆಯ ಮುಖ ನನಗೆ ಕಾಣಲಿಲ್ಲ. ನಾನು ಒಳಗೆ ಹೋದೆನೋ, ಕೂಗಿದೆನೋ, ಹಿಂದೆ ಬಂದೆನೋ, ಏನೂ ನೆನಪಿಲ್ಲ. ಇಂಥದ್ದನ್ನು ಕಂಡ ಮಗಳು ಏನಾದರೂ ಮಾಡಿರಬೇಕಲ್ಲವೇ? ಅಪ್ಪನ ಪ್ರಕಾರ ನಾನು ಆ ದಿನ ಬಂದದ್ದೇ ದೀಪ ಹಚ್ಚುವ ಹೊತ್ತಿಗೆ, ಅದೂ ಮನೆಗೆ. ಹೆಬ್ಬೆರಳನ್ನು ಒತ್ತುವುದನ್ನು ಮಾಮಾ ನನಗೆ ಮೊದಲೇ ಮಾಡಿ ತೋರಿಸಿದ್ದ. ಹಸಿರು ಸೀರೆಯನ್ನು ಆಕೆ ಎಷ್ಟೋ ಹಬ್ಬಗಳಿಗೆ ಉಟ್ಟಿದ್ದಾಳೆ. ಬೇಕಾದ ಸಾಮಾನೆಲ್ಲ ನನ್ನ ಬಳಿ ಇತ್ತು. ಚಿತ್ರವನ್ನು ನಾನೇ ಜೋಡಿಸಿಕೊಂಡಿರಬಹುದು.

ಆ ಮೇಲೆ ಮಾಮಾ ಅದಕ್ಕೆ ತಾಡಪತ್ರಿ ಮುಚ್ಚಿಟ್ಟ. ಮರುವರ್ಷ ಶೆಡ್ಡಿಗೆ ಬಂದ ಒಳಾಂಗಣ ಅಲಂಕಾರದ ಗುತ್ತಿಗೆದಾರರೊಬ್ಬರು ಕಂಡು, ಹಿಂದೆ ಬಿದ್ದು ಒಯ್ದರು. ಗಚ್ಚಿಬೌಲಿಯಲ್ಲಿ ಏಳುತ್ತಿದ್ದ ಒಂದು ಎತ್ತರದ ಕಟ್ಟಡದ ಮಾದರಿ ಫ್ಲ್ಯಾಟಿನಲ್ಲಿ ಅದನ್ನು ಇಟ್ಟಿದ್ದಾರೆಂದು ತಿಳಿದಾಗ ಅವ್ವ ಹಟ ಹಿಡಿದಳು. ಮನೆ ಕೊಳ್ಳುವವರ ಹಾಗೆ ಒಳ್ಳೆಯ ಬಟ್ಟೆ ಹಾಕಿಕೊಂಡು ನಾವು ಮೂವರು, ಅವ್ವ, ಮಾಮಾ, ನಾನು, ಲಿಫ್ಟ್ ಹತ್ತಿದೆವು.

ಗುರುತೇ ಸಿಗುತ್ತಿರಲಿಲ್ಲ. ಹಲಗೆಗೆ ಬಿಳಿ ಚರ್ಮ ಹೊದಿಸಿದ್ದರು, ಕೆಳಗೆ ನೀಲಿ ದೀಪ. ತಂತಿಗಳು ಕಣ್ಣಿಗೆ ಬೀಳದಂತೆ ಗಾಜಿನ ಅಂಚುಗಳು. ಪಕ್ಕದ ಮೇಜಿನ ಮೇಲೆ ಹೂಕುಂಡ ಗಾಳಿಯಲ್ಲಿ ಗಿರಗಿರನೆ ಸುತ್ತುತ್ತಿತ್ತು, ಬಲ್ಬೊಂದು ಯಾವ ಆಸರೆಯೂ ಇಲ್ಲದೆ ಉರಿಯುತ್ತಿತ್ತು. ಆ ಕೋಣೆಯಲ್ಲಿ ನೆಲದ ಮೇಲೆ ಕಾಲೂರಿದ್ದವರು ನಾವು ಮಾತ್ರ.

ಅವ್ವ ಹೊಸ್ತಿಲಲ್ಲೇ ನಿಂತಳು. "ಕೂರ್ಚೋಂಡಿ ಮೇಡಂ" ಎಂದು ಫ್ಲ್ಯಾಟ್ ತೋರಿಸುವ ಹುಡುಗಿ ಹಲಗೆಯತ್ತ ಕೈಚಾಚಿ, ಕೂತುಕೊಳ್ಳಿ ಎಂದು ಕರೆದಳು. ಅವ್ವ ಬೇಡವೆಂದು ತಲೆಯಾಡಿಸಿದಳು. ನಮಗೆ ನಂಬಿಕೆ ಬರಲಿಲ್ಲವೆಂದುಕೊಂಡಳೋ ಏನೋ, ಹುಡುಗಿ ಖಾಲಿ ಹಲಗೆಯನ್ನು ಜೋರಾಗಿ ದೂಡಿ ಕೈಬಿಟ್ಟಳು. ಉಜ್ಜಿ ನಿಲ್ಲಿಸಲು ಏನೂ ಇಲ್ಲದ್ದರಿಂದ ಅದು ತೂಗುತ್ತಲೇ ಇತ್ತು.

ನಮ್ಮಲ್ಲಿ ಜೋಕಾಲಿಯಿಂದ ಎದ್ದವರು ಅದನ್ನು ಕೈಯಿಂದ ಹಿಡಿದು ನಿಲ್ಲಿಸಿಯೇ ಹೋಗಬೇಕು. ಖಾಲಿ ಜೋಕಾಲಿ ತೂಗಿದರೆ ಕೇಡು ಎಂದು ಚಿಕ್ಕಂದಿನಿಂದ ಬೈಸಿಕೊಂಡು ಬೆಳೆದವರು ನಾವು.

"ಪಟ್ಟುಕೋಮ್ಮಾ, ಪಟ್ಟುಕೋ!" ಎಂದಳು ಅವ್ವ, ಹಿಡಿಯಮ್ಮಾ ಎಂದು. ಹುಡುಗಿಗೆ ಅರ್ಥವಾಗಲಿಲ್ಲ. "ಏಂ ಕಾದು ಮೇಡಂ" ಎಂದು ನಕ್ಕಳು. ಏನೂ ಆಗುವುದಿಲ್ಲವಂತೆ. ಅವ್ವ ಒಂದು ಹೆಜ್ಜೆ ಮುಂದಿಟ್ಟು, ಎಡ ಎದೆಯ ಮೇಲೆ ಕೈಯಿಟ್ಟುಕೊಂಡು, ಮತ್ತೆ ಹಿಂದೆ ಸರಿದಳು.

"ನೀ ಹೋಗವಾ, ನೀ ಹಿಡಿ."

ನಾನು ಹೋಗಿ ಹಿಡಿದು ನಿಲ್ಲಿಸಿದೆ. ಚರ್ಮ ತಣ್ಣಗಿತ್ತು. ಹಿಂದಿನಿಂದ ಅವ್ವ, ನನಗಲ್ಲ, ತಮ್ಮನಿಗೆ ಹೇಳಿದಳು: "ಹಿಂದಕ್ಕ ಹೋಗುವಾಗ ನಡಗೂದು ಇನ್ನೂ ಹೋಗಿಲ್ಲಲ್ಲೋ."

"ಹೂಂ ಅಕ್ಕಾ," ಎಂದ ಮಾಮಾ. ಕಿಟಕಿಯಾಚೆ ನೋಡುತ್ತಿದ್ದ. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ, ಇನ್ನೊಂದು ಕಟ್ಟಡ ಇತ್ತು.

ಆ ನಡುಕ ಸುಮ್ಮನೆ ನೋಡಿದವರ ಕಣ್ಣಿಗೆ ಬೀಳುವಂಥದ್ದಲ್ಲ. ಒಮ್ಮೆ ಕೂತು ಬೆನ್ನಿಗೆ ಗೊತ್ತಾದವರು ಮಾತ್ರ ಗುರುತಿಸುವಂಥದ್ದು. ಆದರೆ ನಾನೇ ಯಾವತ್ತೋ ಊಟ ಮಾಡುತ್ತ ಆಕೆಗೆ ಅದನ್ನು ಹೇಳಿದ್ದಿರಬಹುದು. ಹೇಳಿಲ್ಲವೆಂದು ಆಣೆ ಮಾಡಲಾರೆ.

ಅವ್ವ ಹೋಗಿ ಕೆಲವು ವರ್ಷಗಳಾದವು. ಎದೆಯಿಂದ ಹೋದದ್ದಲ್ಲ, ನ್ಯುಮೋನಿಯಾ. ಒಳಗಿನ ಯಂತ್ರ ಕೊನೆಯವರೆಗೂ ತನ್ನ ಕೆಲಸ ಮಾಡುತ್ತಿತ್ತು. ಮಾದರಿ ಫ್ಲ್ಯಾಟಿನಲ್ಲಿ ಈಗ ಯಾರೋ ವಾಸವಿದ್ದಾರೆ. ಜೋಕಾಲಿ ಎಲ್ಲಿ ಹೋಯಿತೋ ಮಾಮಾನಿಗೂ ಗೊತ್ತಿಲ್ಲ.

ನಾನು ಬಯಸುವುದು ಏನೆಂದು ನನಗೆ ಚೆನ್ನಾಗಿ ಗೊತ್ತು. ಒಂದು ಮಧ್ಯಾಹ್ನವಾದರೂ ಆಕೆ ತೇಲಿರಲಿ. ಆ ಹಸಿರು ಸೀರೆಯ ಬೆನ್ನು ನನ್ನ ಕಲ್ಪನೆಯಾಗದಿರಲಿ. ಆದರೆ ಇದನ್ನು ಬಯಸುವುದೆಂದರೆ ಮಾಮಾ ಅಕ್ಕನ ಜೀವವನ್ನು ಪಣಕ್ಕಿಟ್ಟ ಎಂದು ಬಯಸಿದ ಹಾಗೆ. ಕೇಳುವುದೆಂದರೆ ಅವನ ಮೇಲೆ ಅಪವಾದ ಹೊರಿಸಿದ ಹಾಗೆ. ಅಥವಾ ಆ ದಿನ ಅವನು ಅಯಸ್ಕಾಂತಗಳನ್ನೆಲ್ಲ ಬಿಚ್ಚಿ, ಹಲಗೆಯ ಕೆಳಗೆ ಬೇರೇನನ್ನೋ ಇಟ್ಟು, ಆಕೆಗೆ ತೇಲಿದಂತೆ ಅನ್ನಿಸುವ ಹಾಗೆ ಮಾಡಿದ್ದನೇ? ಹಾಗಿದ್ದರೆ ಆಕೆಗೆ ಅದು ತಿಳಿದಿತ್ತೇ? ಇಷ್ಟೆಲ್ಲ ಯೋಚಿಸುತ್ತ ವರ್ಷಗಳು ಹೋದವು.

ಕಳೆದ ತಿಂಗಳು ಮಾಮಾ ಕಣ್ಣು ತೋರಿಸಲು ಬಂದು ನನ್ನ ಮನೆಯಲ್ಲಿ ಎರಡು ದಿನ ಇದ್ದ. ಬಾಲ್ಕನಿಯಲ್ಲಿ ಚಹಾ ಕುಡಿಯುತ್ತಿದ್ದಾಗ, ಮಾತಿಗೆ ಮುಂಚೆ ಯಾವ ಪೀಠಿಕೆಯನ್ನೂ ಹಾಕದೆ, ಕೇಳಿಬಿಟ್ಟೆ. ಅವನು ಬಟ್ಟಲನ್ನು ತುಟಿಯವರೆಗೆ ಒಯ್ದವನು ಹಾಗೇ ಹಿಡಿದುಕೊಂಡ.

"ಸಕ್ರಿ ಹಾಕಿಲ್ಲೇನು ಇದಕ್ಕ?" ಎಂದ.

ಹಾಕಿದ್ದೆ. ಎದ್ದು ಹೋಗಿ ಇನ್ನೊಂದು ಚಮಚ ಹಾಕಿಕೊಂಡು ಬಂದೆ. ಅವನು ಕುಡಿದ, ಮಾರನೆಯ ದಿನ ಊಟ ಮುಗಿಸಿ ಮನೆಗೆ ಹೋದ. ಈಗಲೂ ಫೋನ್ ಮಾಡುತ್ತಾನೆ, ಕಣ್ಣಿನ ಡ್ರಾಪ್ಸು, ಮೊಮ್ಮಗಳ ಶಾಲೆ, ಬಿಸಿಲು, ಎಲ್ಲ ಮಾತಾಡುತ್ತಾನೆ. ಇದೊಂದಕ್ಕೆ ಮಾತ್ರ ಉತ್ತರ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

"ಮಾಮಾ, ಆವತ್ತ ಅವ್ವನ್ನ ಅದರ ಮ್ಯಾಲ ಕೂಡಿಸಿದ್ದೇನು ನೀನು?"