ಕಿರುಗಾವಲಿಗೆ ಕರುವಿನ ರಕ್ತ ತರಲು ಹೋದದ್ದು

ಬೆಳಿಗ್ಗೆ ಏಳಕ್ಕೆ ಮಂಡ್ಯ ಬಿಟ್ಟೆ. ತೊಡೆಯ ಮೇಲೆ ಐಸ್ ಪೆಟ್ಟಿಗೆ. ಹೆಂಗಸಾದ್ದರಿಂದ ನನಗೆ ಬಸ್ಸು ಉಚಿತ. ಕಂಡಕ್ಟರನ ಕಣ್ಣೆಲ್ಲ ಪೆಟ್ಟಿಗೆಯ ಮೇಲೆ. "ಮೀನೇನಮ್ಮ?" ಎಂದ. "ಕರುಗಳ ರಕ್ತ ತುಂಬ್ಕೊಂಡು ಬರೋಕೆ" ಎಂದೆ. ಪುಣ್ಯಾತ್ಮ, ಮದ್ದೂರಿನವರೆಗೂ ನನ್ನ ಪಕ್ಕ ಯಾರನ್ನೂ ಕೂರಿಸಲಿಲ್ಲ.

ನಾನು ಪಶುವೈದ್ಯೆ. ಎಳೆಗರುಗಳಿಗೆ ಭೇದಿಯಾದಾಗ ಕರುಳಿನ ಒಳಪದರ ಸವೆದು, ಅದರ ಕೆಲವು ಪ್ರೋಟೀನುಗಳು ರಕ್ತಕ್ಕೆ ಸೋರುತ್ತವೆ. ಅವನ್ನು ಅಳೆದು ಕರುಳು ಎಷ್ಟು ಕೆಟ್ಟಿದೆ, ಎಷ್ಟು ಸುಧಾರಿಸಿದೆ ಎಂದು ತಿಳಿಯುವುದು ನಮ್ಮ ಕೆಲಸ. ಮದ್ದೂರಿನಲ್ಲಿ ಎರಡು ವಡೆ ತಿಂದು, ಭಾರತೀನಗರದಲ್ಲಿ ಹೋಲಿಕೆಗೆಂದು ಒಂದು ಗಟ್ಟಿಮುಟ್ಟಾದ ಕರುವಿನ ರಕ್ತ ತೆಗೆದೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿ ಮಳವಳ್ಳಿ ಸೇರಿದಾಗ ಸುಡುಬಿಸಿಲು. ಅಲ್ಲಿಂದ ಮೈಸೂರು ಕಡೆಯ ಬಸ್ಸು ಹಿಡಿದು ಕಿರುಗಾವಲಿನಲ್ಲಿ ಇಳಿದೆ.

ಪುಟ್ಟತಾಯಮ್ಮನವರ ಕೊಟ್ಟಿಗೆಯಲ್ಲಿ ಮೂರು ದಿನದ ಹೆಣ್ಣುಗರು ಭೇದಿಯಿಂದ ಸೊರಗಿ ಕತ್ತೆತ್ತದೆ ಮಲಗಿತ್ತು. ರಕ್ತ ತೆಗೆದು, ಡ್ರಿಪ್ ಹಾಕಿ ಕೂತೆ. ಅವರು ತಟ್ಟೆ ತುಂಬ ಗಿಣ್ಣು ತಂದುಕೊಟ್ಟರು. ಆಹಾ, ಬೆಲ್ಲ, ಏಲಕ್ಕಿ! ಅರ್ಧ ಮುಗಿದ ಮೇಲೆ ನನಗೆ ಬುದ್ಧಿ ಬಂತು.

"ಕರು ಎಷ್ಟು ಗಿಣ್ಣುಹಾಲು ಕುಡೀತು?"

"ಅಸಿನ ಮಾಸು ಬೀಳಗಂಟ ಕುಡಿಸ್ಬಾರ್ದಲ್ವಾ? ಅದು ಬಿದ್ದಿದ್ದು ಮಾರನೆ ದಿನ. ಕರೆದಿದ್ನ ಕೇರಿಗೆಲ್ಲಾ ಅಂಚ್ದೆ, ಕರಕ್ಕೂ ಒಸಿ ಬುಟ್ಟೆ. ಭೇದಿ ಸುರುವಾದ್ಮೇಲೆ ಆಲೇ ನಿಲ್ಲಿಸ್ಬುಟ್ಟೆ ಕಣಮ್ಮ."

ತಟ್ಟೆ ಕೆಳಗಿಟ್ಟೆ. ಅದರ ಪಾಲನ್ನೇ ನಾನು ತಿನ್ನುತ್ತಿದ್ದೆನಲ್ಲ!

"ಹುಟ್ಟಿದ ಎರಡು ಗಂಟೆಯೊಳಗೇ ಕುಡಿಸ್ಬೇಕಮ್ಮ, ರೋಗ ತಡೆಯೋ ಶಕ್ತಿ ಅದರಿಂದ್ಲೇ ಬರೋದು. ಹಾಲು ನಿಲ್ಲಿಸ್ಬೇಡಿ. ನಡುನಡುವೆ ಈ ಓಆರ್‌ಎಸ್ ಪುಡಿ ಕಲಸಿದ ನೀರು ಕೊಡಿ."

ಅವರ ಮುಖ ಬಾಡಿತು. "ನನ್ ಕೈಯಾರೆ ಆಳ್ ಮಾಡ್ಬುಟ್ನಲ್ಲವ್ವಾ! ಬದುಕ್ತದಾ?"

"ನಾಳೆ ಹೇಳ್ತೀನಿ" ಎಂದೆ. ನನಗೂ ಭಯವಿತ್ತು.

ಮಳವಳ್ಳಿಯಲ್ಲಿ ಉಳಿದು, ಮರುದಿನ ಎರಡನೇ ಸಲದ ರಕ್ತಕ್ಕೆ ಹೋದೆ. ನಿನ್ನೆ ಸೂಜಿಗೂ ಮಿಸುಕದ ಕರು, ಇವತ್ತು ಸಿರಿಂಜು ಕಂಡದ್ದೇ ನಮ್ಮಿಬ್ಬರನ್ನೂ ಕೊಟ್ಟಿಗೆಯ ಸುತ್ತ ಓಡಿಸಿತು. ಅಡ್ಡಗಟ್ಟಿ ಹಿಡಿದರೆ ನನ್ನ ಮೊಣಕಾಲಿಗೆ ಬಿತ್ತು ಒಂದು ಒದೆ! ಪುಟ್ಟತಾಯಮ್ಮ ಕಣ್ಣೊರೆಸಿಕೊಳ್ಳುತ್ತ ನಗತೊಡಗಿದರು. "ಒದೀಲಿ ಬುಡಿ, ಒದೀಲಿ!"

ಹೊರಡುವಾಗ "ಇವತ್ತು ಗಿಣ್ಣಿಲ್ವಾ?" ಎಂದು ಕೆಣಕಿದೆ.

"ಇಲ್ಲ ಕಣಮ್ಮ. ಅವಳು ಕುಡ್ದು ಮಿಕ್ರೆ ನೋಡನ."

ಸಂಜೆ ಮಂಡ್ಯದ ಪ್ರಯೋಗಾಲಯದಲ್ಲಿ ನಮ್ಮ ಮೇಡಂ ಪೆಟ್ಟಿಗೆ ತೆರೆಯುತ್ತ, "ಕಿರುಗಾವಲಿನ ಕರು ಹೇಗಿದೆ?" ಎಂದರು. ರಕ್ತಪರೀಕ್ಷೆ ಇನ್ನೂ ಶುರುವಾಗಿರಲಿಲ್ಲ. ನಾನು ಊದಿಕೊಂಡ ಮೊಣಕಾಲು ತೋರಿಸಿದೆ.