ಸ್ಟೋರ್ ಎಂದು ಬರೆದ ಕೋಣೆ

ಹೊರದೇಶದ ಕಾಲೇಜಿನ ಮಕ್ಕಳು ನಮ್ಮ ಆಸ್ಪತ್ರೆಯ ಹೊಸ ಕಟ್ಟಡಕ್ಕೆ ನಕ್ಷೆ ಬರೆದುಕೊಡುತ್ತಾರೆ ಎಂದು ಗೊತ್ತಾದ ದಿನ, ನಮ್ಮ ಟ್ರಸ್ಟಿನ ಅಧ್ಯಕ್ಷರು ಕಟ್ಟಡ ಆಗಲೇ ಎದ್ದು ನಿಂತಿದೆ ಎನ್ನುವಂತೆ ಓಡಾಡಿದರು. ಮಳವಳ್ಳಿ ತಾಲ್ಲೂಕಿನ ಒಂದು ಹೆಂಚಿನ ಆಸ್ಪತ್ರೆ ಅದು. ನಾನು ಅಲ್ಲಿ ಹೆರಿಗೆ ವಾರ್ಡಿನ ನರ್ಸು. ಅಧ್ಯಕ್ಷರು ಕಬ್ಬಿನ ಗದ್ದೆಯವರು, ಬಿಳಿ ಪಂಚೆ, ಬಿಳಿ ಶರ್ಟು. ಆಸ್ಪತ್ರೆಗೆ ಜಾಗ ಕೊಟ್ಟವರು ಅವರ ತಂದೆ. ಅದನ್ನು ನಮಗೆ ಮರೆಯಲು ಬಿಡದಿರುವುದೇ ಮಗನ ಸಮಾಜಸೇವೆ.

ಡಾಕ್ಟರ ಕೋಣೆಯ ಟಿವಿಯಲ್ಲಿ ಆ ಮಕ್ಕಳು ವಿಡಿಯೊ ಕಾಲಿನಲ್ಲಿ ಕಾಣಿಸಿಕೊಳ್ಳುತ್ತಿದ್ದರು. ನಮಗೆ ಸಂಜೆ, ಅವರಿಗೆ ಬೆಳಗ್ಗೆ. ಅಧ್ಯಕ್ಷರ ಅಪ್ಪಣೆಯಂತೆ ನಾವೆಲ್ಲ ಹೆಣ್ಣು ನೋಡುವ ಶಾಸ್ತ್ರಕ್ಕೆ ಕೂತವರ ಹಾಗೆ ಇಸ್ತ್ರಿ ಬಟ್ಟೆಯಲ್ಲಿ ಸಾಲಾಗಿ ಕೂರಬೇಕಿತ್ತು. ಮೊದಲ ದಿನವೇ ಅಧ್ಯಕ್ಷರು ಮದ್ದೂರಿನಿಂದ ತರಿಸಿದ್ದ ವಡೆಯನ್ನು ಕ್ಯಾಮೆರಾಕ್ಕೆ ಹಿಡಿದು ತೋರಿಸಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಆಮೇಲೆ ಆ ವಡೆಯನ್ನು ಅಧ್ಯಕ್ಷರೇ ತಿಂದರು.

ಮಕ್ಕಳೇನು ಕಡಿಮೆಯಿರಲಿಲ್ಲ. ಅವರು ಕಳಿಸಿದ ಮೊದಲ ಚಿತ್ರದಲ್ಲಿ ಆಸ್ಪತ್ರೆಯ ಬಾಗಿಲಿಗೆ ಹೆಂಗಸರು ತಲೆಯ ಮೇಲೆ ಕೊಡ ಹೊತ್ತು ಬರುತ್ತಿದ್ದರು, ಪಕ್ಕದಲ್ಲೊಂದು ಹಸು. ಹಸುವಿಗೆ ಏನು ಕಾಯಿಲೆಯೋ ಬರೆದಿರಲಿಲ್ಲ. ಬಾಣಂತಿಯರ ವಾರ್ಡಿಗೆ ನಾಲ್ಕೂ ಕಡೆ ಕಿಟಕಿ ಇಟ್ಟು, ಗಾಳಿ ಆಡುವುದನ್ನು ನೀಲಿ ಬಾಣ ಬಿಡಿಸಿ ತೋರಿಸಿದ್ದರು. ನಮ್ಮ ಬಾಣಂತಿಯರು ಬೇಸಿಗೆಯಲ್ಲೂ ಕಿವಿಗೆ ಹತ್ತಿ ತುರುಕಿ ತಲೆಗೆ ಬಟ್ಟೆ ಸುತ್ತಿಕೊಳ್ಳುವವರು. ಅವರ ತಾಯಂದಿರು ಮೊದಲ ದಿನವೇ ಆ ಕಿಟಕಿಗಳಿಗೆಲ್ಲ ಹಳೇ ಸೀರೆ ತುರುಕುತ್ತಾರೆಂದು ನಾನು ಹೇಳಿದರೆ, ಡಾಕ್ಟರು ಅದನ್ನು ಇಂಗ್ಲಿಷಿಗೆ ಮಾಡದೆ ನಕ್ಕು ಬಿಟ್ಟುಬಿಟ್ಟರು. ನಮ್ಮದು ಬಹಳ ತಾಳ್ಮೆಯ ಜನವಂತೆ, ಆ ಮಕ್ಕಳು ಬರೆದಿದ್ದರು. ಪುಣ್ಯಕ್ಕೆ ಮಂಡ್ಯದ ಬಸ್‌ಸ್ಟ್ಯಾಂಡಿನಲ್ಲಿ ಅವರು ಯಾವತ್ತೂ ಸೀಟು ಹಿಡಿದವರಲ್ಲ.

ಇಷ್ಟೆಲ್ಲ ಆಡಿಕೊಂಡರೂ ನಾನು ಒಂದು ಕೂಟವನ್ನೂ ತಪ್ಪಿಸಲಿಲ್ಲ. ನನಗೆ ಆ ನಕ್ಷೆಯಲ್ಲಿ ಒಂದು ಕೋಣೆ ಬೇಕಿತ್ತು.

ನಮ್ಮದು ಇದ್ದದ್ದು ಒಂದೇ ವಾರ್ಡು. ಹೆತ್ತವರೂ ಅಲ್ಲೇ, ಹೆತ್ತು ಕಳೆದುಕೊಂಡವರೂ ಅಲ್ಲೇ. ನನ್ನ ತಂಗಿಯ ಮಗು ಹುಟ್ಟುವಾಗಲೇ ಹೋಗಿತ್ತು. ಅವಳನ್ನು ಅದೇ ವಾರ್ಡಿನಲ್ಲಿ ಮಲಗಿಸಿದ್ದೆವು. ಪಕ್ಕದ ಮಂಚದ ಕೂಸು ಅತ್ತಾಗಲೆಲ್ಲ ಇವಳ ರವಿಕೆ ಹಾಲಿನಿಂದ ತೊಯ್ಯುತ್ತಿತ್ತು. ಆ ಕೂಸಿನ ಅಜ್ಜಿ ಅದರ ಮುಖಕ್ಕೆ ಸೆರಗು ಮುಚ್ಚಿ ಗೋಡೆಯ ಕಡೆ ತಿರುಗಿಸಿದಳು. "ಮಗ ಕಳ್ಕೊಂಡೋಳ ಕಣ್ಣು ಬೀಳಬಾರ್ದು ಕಣಮ್ಮ," ಎಂದು ಮಗಳಿಗೆ ಹೇಳಿದ್ದು ಇಡೀ ವಾರ್ಡಿಗೆ ಕೇಳಿಸಿತು. ಕಳ್ಳಿಯನ್ನು ನೋಡುವ ಹಾಗೆ ನನ್ನ ತಂಗಿಯನ್ನು ನೋಡಿದರು. ಹೊಲಿಗೆ ಬಿಚ್ಚುವ ಮೊದಲೇ ಅವಳು ಹಟ ಮಾಡಿ ಮನೆಗೆ ಹೋದಳು. ಆ ಅಜ್ಜಿಯ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಒಂದು ಸಂಜೆ ಟಿವಿಯೊಳಗಿನ ಒಬ್ಬಳು ಹುಡುಗಿ, ಅಲ್ಲಿಯವರೆಗೆ ಬಾಯಿ ಬಿಡದವಳು, ನೆಟ್ಟಗೆ ಕೇಳಿದಳು: ಮಗು ಉಳಿಯದಿದ್ದರೆ ಆ ತಾಯಿಯನ್ನು ಎಲ್ಲಿ ಮಲಗಿಸುತ್ತೀರಿ? ನನಗೆ ಎದ್ದು ಅವಳ ಕೆನ್ನೆ ಸವರಬೇಕೆನಿಸಿತು. ಡಾಕ್ಟರು ಕನ್ನಡದಲ್ಲಿ ಹೇಳುತ್ತಿದ್ದಂತೆ ಅಧ್ಯಕ್ಷರ ಮುಖ ಕಪ್ಪಿಟ್ಟಿತು.

"ಅಂತಾದ್ದೆಲ್ಲ ನಮ್ಮಲ್ಲಿ ಆಗಾಕಿಲ್ಲ ಅಂತ ಯೋಳಿ ಡಾಕ್ಟ್ರೇ."

"ಆಯ್ತದೆ ಸಾರ್," ಎಂದೆ ನಾನು. "ಅಂತೋರ್ಗೆ ಅಂತ ಒಂದು ರೂಮು ಬೇಕು."

"ನೋಡವ್ವ ಸಿಸ್ಟ್ರೇ, ಇನ್ನೂ ಗುದ್ಲಿ ಪೂಜೇನೇ ಆಗಿಲ್ಲ. ಈಗ್ಲೇ ಸಾವ್ಗೆ ಒಂದ್ ರೂಮ್ ಬರೀತೀಯಾ? ಮನೆ ಕಟ್ಟೋರು ಚಟ್ಟಕ್ಕೆ ಜಾಗ ಬುಟ್ಕೊಂಡು ಕಟ್ತಾರಾ?"

ಕೂತಿದ್ದವರೆಲ್ಲ ತಲೆಯಾಡಿಸಿದರು. ನಮ್ಮ ಕಡೆ ಶುಭಕಾರ್ಯಕ್ಕೆ ಮುಂಚೆ ಸಾವಿನ ಮಾತು ಎತ್ತಿದರೆ ಅದು ಕೇಳಿಸಿಕೊಂಡು ಬಂದೇ ಬಿಡುತ್ತದೆ ಎಂಬ ನಂಬಿಕೆ. ಎಂ.ಬಿ.ಬಿ.ಎಸ್. ಓದಿದ ಡಾಕ್ಟರೂ ಟೇಬಲ್ಲಿನ ಅಂಚಿನ ಮರ ಮುಟ್ಟಿ ನಮಸ್ಕಾರ ಮಾಡಿಕೊಂಡರು. ಆಮೇಲೆ ಟಿವಿಯ ಕಡೆ ತಿರುಗಿ, ಇಲ್ಲಿ ಅಂಥ ತೊಂದರೆ ಇಲ್ಲ ಎಂದು ಇಂಗ್ಲಿಷಿನಲ್ಲಿ ಸುಳ್ಳು ಹೇಳಿದರು. ಅಧ್ಯಕ್ಷರು ಹೆಬ್ಬಾಗಿಲಿನ ಕಮಾನಿನ ಮೇಲೆ ತಮ್ಮ ತಂದೆಯ ಹೆಸರು ಎಷ್ಟು ದಪ್ಪಕ್ಕೆ ಬರಬೇಕೆಂಬ ಮಾತಿಗೆ ಹೊರಳಿದರು. ಥೂ, ಇವರ ಮರ್ಯಾದೆಗಿಷ್ಟು ಎನ್ನಿಸಿತು ನನಗೆ.

ನೇರ ದಾರಿ ಮುಚ್ಚಿದರೆ ಹಿತ್ತಿಲ ದಾರಿ ಇದ್ದೇ ಇದೆ. ವಾರ್ಡಿನಿಂದ ದೂರಕ್ಕೆ, ಕೂಸು ಅತ್ತರೆ ಕೇಳಿಸದಷ್ಟು ದೂರಕ್ಕೆ, ಒಂದು ಸ್ಟೋರ್ ರೂಮು ಬೇಕೆಂದು ಮುಂದಿನ ಕೂಟದಲ್ಲಿ ಕೇಳಿದೆ. ಕಿಟಕಿ ಬೇಕು, ಒಳಗೇ ಬಾತ್‌ರೂಮು ಬೇಕು. ಆ ಹುಡುಗಿ ಟಿವಿಯಿಂದ ನನ್ನನ್ನೇ ನೋಡಿದಳು, ಏನನ್ನೂ ಕೇಳದೆ ಬರೆದುಕೊಂಡಳು. ಅಧ್ಯಕ್ಷರು ಮಾತ್ರ ಕೇಳಿದರು:

"ಸ್ಟೋರ್‌ಗೆ ಬಾತ್‌ರೂಮ್ ಯಾಕವ್ವ?"

"ಬೇಸಿನ್ನು, ಟ್ರೇ ಎಲ್ಲ ತೊಳೀಬೇಕಲ್ಲ ಸಾರ್."

"ಸರಿ, ಆಕ್ಕೊಳ್ಳಿ."

ಕಟ್ಟಡ ಎದ್ದಿತು. ನೀಲಿ ಬಾಣದ ಕಿಟಕಿಗಳಿಗೆ ನಾನು ಹೇಳಿದಂತೆಯೇ ಸೀರೆ ಬಂದವು. ಮಕ್ಕಳು ಬಿಡಿಸಿದ್ದ ತೋಟದ ಜಾಗವನ್ನು ಕಮಾನು ನುಂಗಿತು. ಆದರೆ ನನ್ನ ಕೋಣೆ ಮಾತ್ರ ನಕ್ಷೆಯಲ್ಲಿದ್ದಂತೆಯೇ ಬಂತು, ಬಾಗಿಲ ಮೇಲೆ 'ಸ್ಟೋರ್' ಎಂಬ ಬೋರ್ಡಿನ ಸಮೇತ. ಒಳಗೆ ಒಂದು ಮಂಚ ಹಾಕಿಸಿ, ಮೇಲೊಂದಿಷ್ಟು ಹೊದಿಕೆ ಪೇರಿಸಿಟ್ಟೆ. ಅಧ್ಯಕ್ಷರು ಇಣುಕಿ ನೋಡಿ ಹೋದರು. ಅವರಿಗೆ ಟೋಪಿ ಹಾಕಿದೆನೆಂದು ನಾನು ಬೀಗಿದ್ದೇನೂ ಸುಳ್ಳಲ್ಲ.

ಸ್ವಲ್ಪ ದಿನಕ್ಕೆ ಭಾರತೀನಗರದ ಕಡೆಯ ಒಬ್ಬ ಹುಡುಗಿಯನ್ನು ಹೆರಿಗೆಗೆ ಕರೆತಂದರು. ಚೊಚ್ಚಲು. ಮಗು ಉಳಿಯಲಿಲ್ಲ. ಹೊದಿಕೆಗಳನ್ನೆಲ್ಲ ತೆಗೆದು, ಮಂಚಕ್ಕೆ ಒಗೆದ ಬೆಡ್‌ಶೀಟು ಹಾಸಿ, ನಾನೇ ಅವಳ ತೋಳು ಹಿಡಿದು ನಡೆಸಿಕೊಂಡು ಹೋದೆ. ಬಾಗಿಲ ಹತ್ತಿರ ಅವಳು ನಿಂತಳು. ಪಿಯುಸಿ ಓದಿದವಳು, ಬೋರ್ಡು ನೋಡಿದಳು.

"ಸಿಸ್ಟ್ರೇ, ಇಲ್ಲಿ ಬ್ಯಾಡ್ದಿರೋ ಸಾಮಾನ್ ಆಕ್ತಾರಲ್ವಾ?"

ನನಗೆ ಕಪಾಳಕ್ಕೆ ಬಾರಿಸಿದಂತಾಯಿತು. "ಇಲ್ಲ ಕಣವ್ವ," ಎಂದೆ, "ಬೋರ್ಡು ಸುಳ್ಳು. ಈ ರೂಮು ನಿನ್ನಂತೋರ್ಗೇ ಅಂತ ನಾನೇ ಕೇಳಿ ಕಟ್ಸಿದ್ದು."

ಅವಳು ನನ್ನ ಕೈಯಿಂದ ತೋಳು ಬಿಡಿಸಿಕೊಂಡಳು.

"ಅಂಗಾರೆ ನನ್ ಮಗ ಉಳಿಯಾಕಿಲ್ಲ ಅಂತ ನಿಮ್ಗೆ ಮೊದ್ಲೇ ಗೊತ್ತಿತ್ತಾ?"

ಅಧ್ಯಕ್ಷರಿಗೆ, ಡಾಕ್ಟರಿಗೆ, ಟಿವಿಯ ಮಕ್ಕಳಿಗೆ ಒಂದೊಂದು ಮಾತು ರೆಡಿ ಇಟ್ಟುಕೊಂಡಿದ್ದವಳು ನಾನು. ಅವಳು ಗೋಡೆ ಹಿಡಿದುಕೊಂಡು, ಕೂಸುಗಳು ಅಳುತ್ತಿದ್ದ ವಾರ್ಡಿನ ಕಡೆಗೇ ವಾಪಸು ನಡೆದಳು. ನಾನು ಹಿಂದೆ ಹಿಂದೆ ಹೋಗಿ, ಅವಳ ಮಂಚದ ಪಕ್ಕ ನೆಲದ ಮೇಲೆ ಕೂತೆ. ಪಕ್ಕದ ಮಂಚದವರು ಕೂಸಿನ ಮುಖಕ್ಕೆ ಸೆರಗು ಎಳೆದರು.